ಬರಿ ಬೆಳಕು

ಮದುವೆ ಮನೆಯಲ್ಲಿ ಕ್ಯಾಮೆರಾ ಕಂಡರೆ ಸಾಕು, ಎಲ್ಲರೂ ಬಂದು ಮುಂದೆ ನಿಲ್ಲುತ್ತಾರೆ. ದೂರದ ಚಿಕ್ಕಪ್ಪ ನಿಲ್ಲುತ್ತಾನೆ, ಊಟಕ್ಕೆಂದೇ ಬಂದ ಪಕ್ಕದ ಬೀದಿಯವರು ನಿಲ್ಲುತ್ತಾರೆ, ಅಳುವ ಕೂಸನ್ನು ಎತ್ತಿಕೊಂಡು ‘ಇದರದೊಂದು’ ಎನ್ನುವ ತಾಯಿಯೂ ನಿಲ್ಲುತ್ತಾಳೆ. ರೀಲಿನಲ್ಲಿ ಇರುವುದು ಮೂವತ್ತಾರು ಫೋಟೋ. ಬೇಡ ಎಂದರೆ ಮುನಿಸು, ಹೂಂ ಎಂದರೆ ರೀಲು ಖಾಲಿ. ಇದಕ್ಕೆ ಸ್ಟುಡಿಯೋದ ಮುದುಕ ತನ್ನ ಶಿಷ್ಯನಿಗೆ ಮೊದಲ ವಾರವೇ ಉಪಾಯ ಹೇಳಿಕೊಟ್ಟಿದ್ದ.

“ಕ್ಯಾಮೆರಾ ಕಣ್ಣಿಗೆ ಇಟ್ಕೋ. ನಗಿ ಅನ್ನು. ಫ್ಲ್ಯಾಶಿನ ಹಿಂದೆ ಸಣ್ಣ ಗುಂಡಿ ಇದೆಯಲ್ಲ, ಅದನ್ನ ಮಾತ್ರ ಒತ್ತು. ಬೆಳಕು ಬರುತ್ತೆ, ರೀಲು ಓಡಲ್ಲ. ಬೆಳಕು ಎಲ್ರಿಗೂ, ರೀಲು ಬೇಕಾದವರಿಗೆ.”

ಮುದುಕ ಇದನ್ನು ಬರಿ ಬೆಳಕು ಎನ್ನುತ್ತಿದ್ದ. ಮೋಸವೆಂದರೆ ಮೋಸವೇ. ಆದರೆ ಮುಂದೆ ನಿಂತವರು ಖುಷಿಯಿಂದ ಹೋಗುತ್ತಿದ್ದರು, ಶಿಷ್ಯನ ಮನೆಯ ಒಲೆಯೂ ಉರಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅವನ ಹಾಸಿಗೆ ಗೇಣುದ್ದವೂ ಇರಲಿಲ್ಲ.

ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಅಕ್ಕನಿಗೆ ಹತ್ತೊಂಬತ್ತು, ಅವನಿಗೆ ಒಂಬತ್ತು, ತಂಗಿಗೆ ನಾಲ್ಕು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ಹಾಕಿಕೊಂಡು, ಹೊಟ್ಟೆಬಟ್ಟೆ ಕಟ್ಟಿ ಇಬ್ಬರನ್ನೂ ಸಾಕಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ “ಇವೆರಡು ಒಂದು ದಡ ಮುಟ್ಲಿ” ಎನ್ನುತ್ತಿದ್ದಳು. ದಡ ಮುಟ್ಟುವ ಹೊತ್ತಿಗೆ ಕೇಳಿಕೊಂಡು ಬರುವವರೇ ಇರಲಿಲ್ಲ.

ಅವನು ಫೋಟೋ ಕಸುಬಿಗೆ ಬಿದ್ದ ಮೇಲೆ ಅಕ್ಕನೂ ಅರ್ಧ ಫೋಟೋದವಳೇ ಆದಳು. ಮೊದಲ ಕೆಲವು ಮದುವೆಗಳಲ್ಲಿ ಫ್ಲ್ಯಾಶ್ ಹಿಡಿದುಕೊಂಡು ಅವನ ಪಕ್ಕ ನಿಂತಳು. ತೊಳೆದ ಫೋಟೋಗಳನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸುವವಳೂ ಅವಳೇ. ಅಂಗಡಿಯ ರೀಲು ದುಬಾರಿಯೆಂದು ಅವನು ಉದ್ದನೆಯ ಫಿಲ್ಮ್ ಸುರುಳಿಯನ್ನು ಅಗ್ಗಕ್ಕೆ ತಂದು, ತುಂಡು ಮಾಡಿ, ಬೇರೆಯವರು ಎಸೆದ ಖಾಲಿ ಡಬ್ಬಿಗಳಿಗೆ ಸುತ್ತಿಕೊಳ್ಳುತ್ತಿದ್ದ. ಆ ಕೆಲಸ ಕಗ್ಗತ್ತಲಲ್ಲಿ ಆಗಬೇಕು. ಅದಕ್ಕೆಂದು ಅಕ್ಕ ಎರಡು ಪದರದ ಕಪ್ಪು ಬಟ್ಟೆಯಲ್ಲಿ, ಕೈ ತೂರಿಸಲು ಎರಡು ತೋಳಿರುವ ಒಂದು ಚೀಲ ಹೊಲಿದುಕೊಟ್ಟಳು. ಹೊಲಿದವಳೇ ಮಟಮಟ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು, ತನ್ನ ತಲೆಯನ್ನು ಅದರೊಳಗೆ ತುರುಕಿ ಪರೀಕ್ಷೆ ಮಾಡಿದಳು.

“ಒಂದು ನಕ್ಷತ್ರಾನೂ ಕಾಣಲ್ಲ ಕಣೋ” ಎಂದು ಒಳಗಿನಿಂದಲೇ ಹೇಳಿದಾಗ ತಂಗಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದಳು.

ಮುಂದೆ ಆ ತಂಗಿಯ ಮದುವೆ ಬಂತು. ಅಣ್ಣನ ಉಡುಗೊರೆಯೆಂದು ಅವನು ಅಂಗಡಿಯಿಂದಲೇ ಎರಡು ಬಣ್ಣದ ರೀಲು ತಂದ. ಎಲ್ಲರ ಉಡುಪನ್ನೂ ಅಕ್ಕನೇ ಹೊಲಿದಿದ್ದಳು, ಕೊನೆಗೆ ಉಳಿದ ನೀಲಿ ಬಟ್ಟೆಯಲ್ಲಿ ತನಗೊಂದು. ಮನೆಯವರೆಲ್ಲ ಗುಂಪಾಗಿ ನಿಂತಾಗ ಗಂಡಿನ ಕಡೆಯವರೊಬ್ಬರ ಅಂಗಿಯ ತೋಳು ಹರಿದು, ಅಕ್ಕ ಸೂಜಿ ಹಿಡಿದು ಹಿಂದಿನ ಕೋಣೆಯಲ್ಲಿದ್ದಳು. “ನೀವು ತೆಗೆಸ್ಕೊಳ್ಳಿ, ಬಂದೆ” ಎಂದವಳು ಬರಲೇ ಇಲ್ಲ. ಎಲ್ಲ ಮುಗಿದ ಮೇಲೆ ಮುಖ ತೊಳೆದು, ನೀಲಿ ಉಡುಪು ಹಾಕಿಕೊಂಡು ಬಂದು ಅವನ ಮುಂದೆ ನಿಂತಳು. ಜನ್ಮದಲ್ಲಿ ಅವಳು ಒಬ್ಬಳೇ ಹಾಗೆ ನಿಂತದ್ದು ಅದೇ ಮೊದಲು.

“ನಂದೊಂದು ತೆಗಿಯೋ. ಮುದುಕಿ ಆಗೋದ್ರೊಳಗೆ ಒಂದಿರ್ಲಿ.”

ರೀಲಿನಲ್ಲಿ ಮೂರೇ ಉಳಿದಿದ್ದವು. ತಂಗಿ ಗಂಡನ ಮನೆಗೆ ಹೊರಡುವುದು ಬಾಕಿ ಇತ್ತು. ಅಕ್ಕ ಎಲ್ಲಿ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳೆ, ನಾಳೆ ತೆಗೆದರಾಯಿತು ಎಂದುಕೊಂಡು ಅವನು ಕ್ಯಾಮೆರಾ ಕಣ್ಣಿಗಿಟ್ಟು, ನಗು ಅಂದು, ಬರಿ ಬೆಳಕು ಹೊಡೆದ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಆಲ್ಬಮ್ ಬಂದ ದಿನ ಅಕ್ಕ ಒದ್ದೆ ಕೈ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೂ ಮಗುಚಿದಳು. ಕೊನೆಯ ಪುಟದಲ್ಲಿ ತಂಗಿ ಕಾರು ಹತ್ತುವ ಮೂರು ಫೋಟೋಗಳಿದ್ದವು. ಒಂದರಲ್ಲಿ ಅವಳ ಕಣ್ಣು ಮುಚ್ಚಿತ್ತು, ಇನ್ನೊಂದರಲ್ಲಿ ಯಾರದೋ ಬೆನ್ನು ಅಡ್ಡ ಬಂದಿತ್ತು, ಮೂರನೆಯದು ಚೆನ್ನಾಗಿತ್ತು.

“ನಂದು ಬರಲಿಲ್ವೇನೋ?”

“ಬೆಳಕು ಬಿದ್ದು ಹಾಳಾಯ್ತು ಅಕ್ಕ.”

“ಹೋಗ್ಲಿ ಬಿಡು. ಈ ಮುಖ ನೋಡೋಕೆ ಯಾರು ಕಾಯ್ತಾ ಕೂತಿದಾರೆ.”

ನಾಳೆ ಎಂದದ್ದು ಮೂರು ವರ್ಷವಾಯಿತು. ಒಮ್ಮೆ ರೀಲು ಇದ್ದರೆ ಹೊತ್ತಿಲ್ಲ, ಹೊತ್ತಿದ್ದರೆ ರೀಲಿಲ್ಲ. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ಅವನನ್ನು ಹೊರಗೆ ಕರೆದು, ಮನೆಯಲ್ಲೇ ಇಟ್ಟುಕೊಂಡು ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಅವನಿಗೆ ಗೊತ್ತಿತ್ತು.

ಮನೆಗೆ ಬಂದವನೇ ಸುರುಳಿಯಲ್ಲಿ ಉಳಿದಿದ್ದ ಕಪ್ಪು ಬಿಳುಪು ಫಿಲ್ಮಿನ ಕೊನೆಯ ತುಂಡನ್ನು, ಹನ್ನೆರಡು ಫೋಟೋಗೆ ಸಾಲುವಷ್ಟು, ಚೀಲದೊಳಗೆ ಇಟ್ಟು ಡಬ್ಬಿಗೆ ಸುತ್ತಿದ. ಚೀಲದ ಒಂದು ತೋಳಿನ ಹೊಲಿಗೆ ಬಿಡುತ್ತಾ ಬಂದಿದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊಲಿದವಳೇ ಮಲಗಿರುವಾಗ ಅವಳಿಗೇನು ಹೇಳುವುದೆಂದು ಮೇಲೊಂದು ಟವಲು ಸುತ್ತಿಕೊಂಡಿದ್ದ.

ಅಕ್ಕನನ್ನು ಕಿಟಕಿಯ ಹತ್ತಿರ ದಿಂಬಿಗೊರಗಿಸಿ ಕೂರಿಸಿದ. ಕಪ್ಪು ಬಿಳುಪಿನಲ್ಲಿ ಬಣ್ಣ ಕಾಣುವುದಿಲ್ಲವೆಂದು ತಿಳಿದೂ ಅವಳು ನೀಲಿ ಉಡುಪನ್ನೇ ಕೇಳಿದಳು. ಭುಜದಲ್ಲಿ ಅದು ಸಡಿಲವಾಗಿ ಜೋಲುತ್ತಿತ್ತು. ಅವನು ಒಂದು ತೆಗೆದ, ಎರಡು ತೆಗೆದ, ಹನ್ನೆರಡೂ ತೆಗೆದ. ಒಬ್ಬರ ಮೇಲೆ ಒಂದಿಡೀ ರೀಲು ಸುರಿದದ್ದು ಅವನ ಬಾಳಿನಲ್ಲಿ ಅದೊಂದೇ ಸಲ. ಅಕ್ಕ ಕ್ಯಾಮೆರಾದ ಕಣ್ಣನ್ನು ಬಿಟ್ಟು ಅವನ ಬಲಗೈಯನ್ನೇ ನೋಡುತ್ತಿದ್ದಳು.

“ಸಾಕು ಕಣೋ, ದಂಡ ಮಾಡ್ಬೇಡ.”

ಅದೇ ಸಂಜೆ ಬಚ್ಚಲಿನಲ್ಲಿ ರೀಲು ತೊಳೆದ. ತೆಗೆದು ನೋಡಿದರೆ ತುದಿಯಿಂದ ತುದಿಗೆ ಇದ್ದಿಲಿನ ಹಾಗೆ ಕಪ್ಪು. ಹರಿದ ತೋಳಿನಿಂದ ಬೆಳಕು ನುಗ್ಗಿ ಹನ್ನೆರಡನ್ನೂ ನುಂಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಬಕೆಟ್ಟಿನ ಪಕ್ಕದಲ್ಲೇ ಕೂತ. ಅಕ್ಕ ಕೂಗಿದಾಗ ಹೋಗಿ ಅವಳ ಮುಂದೆ ನಿಂತ. ಬೇರೆ ಮಾತು ಎಲ್ಲಿಂದ ತರಬೇಕು?

“ಬೆಳಕು ಬಿದ್ದು ಹಾಳಾಯ್ತು ಅಕ್ಕ.”

ಅಕ್ಕ ದಿಂಬಿನ ಮೇಲೆ ಅವನ ಕಡೆಗೆ ತಿರುಗಿದಳು.

“ಈ ಸಲ ನಿಜ ಹೇಳ್ತಿದೀಯ. ನಿನ್ನ ಹೆಬ್ಬೆರಳು ನೋಡ್ತಿದ್ದೆ. ಪ್ರತಿ ಸಲಾನೂ ರೀಲು ಎಳೀತು.”

ಒಂದು ಫೋಟೋ ತೆಗೆದ ಮೇಲೆ ಬಲಗೈ ಹೆಬ್ಬೆರಳಿನಿಂದ ರೀಲನ್ನು ಮುಂದಕ್ಕೆ ಎಳೆಯಬೇಕು. ಬರಿ ಬೆಳಕಿಗೆ ಆ ಕೆಲಸವಿಲ್ಲ. ಫ್ಲ್ಯಾಶ್ ಹಿಡಿದು ಪಕ್ಕ ನಿಂತಿದ್ದವಳಿಗೆ ಇದು ಗೊತ್ತಿರದೆ ಇರುತ್ತದೆಯೇ? ಮದುವೆಯ ದಿನ ಫ್ಲ್ಯಾಶಿನ ಮುಂದೆ ನಗುತ್ತಾ ನಿಂತಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ಮೂರು ವರ್ಷ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

“ಆ ಚೀಲ ತಾ. ಸೂಜಿಗೆ ದಾರ ಪೋಣಿಸಿಕೊಡು, ನಂಗೆ ಕಣ್ಣು ಕಾಣಲ್ಲ.”

ಎರಡು ದಿನ ಹಿಡಿದು ಆ ಗೇಣುದ್ದದ ಹೊಲಿಗೆ ಮುಗಿಸಿದಳು. ಎದ್ದು ಕೂರಲಾರದೆ, “ನೀನೇ ತಲೆ ಹಾಕಿ ನೋಡು” ಎಂದಳು. ಅವನು ಕಿಟಕಿಯ ಹತ್ತಿರ ಕೂತು ಚೀಲದೊಳಗೆ ತಲೆ ಹಾಕಿದ. ಹಾಕಿದವನು ಬೇಗ ತೆಗೆಯಲಿಲ್ಲ, ಅತ್ತದ್ದು ಅವಳಿಗೆ ಕಾಣಬಾರದಿತ್ತು.

“ಬೆಳಕು ಕಾಣ್ತಾ?”

“ಇಲ್ಲ ಅಕ್ಕ.”

“ಹಾಗಾದ್ರೆ ಸರಿ. ಫಿಲ್ಮ್ ತಾ, ಇನ್ನೊಂದ್ಸಲ ಕೂತ್ಕೋತೀನಿ.”

ಫಿಲ್ಮ್ ಗುರುವಾರ ಬರುವುದಿತ್ತು. ಅಕ್ಕ ಮಂಗಳವಾರವೇ ಹೋದಳು.

ತಂಗಿ ಬಂದು, ಅತ್ತು, ಬಂದವರೆಲ್ಲ ಎದ್ದು ಹೋದ ಮೇಲೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಕೇಳಿದಳು: “ಅಣ್ಣ, ಅಕ್ಕಂದು ನೀಲಿ ಬಟ್ಟೇಲಿ ಒಂದು ಫೋಟೋ ತೆಗೆದಿದ್ಯಲ್ಲ, ನನ್ನ ಮದುವೇಲಿ. ಫ್ಲ್ಯಾಶ್ ಹೊಡೆದಿದ್ದನ್ನ ನಾನೇ ನೋಡಿದೀನಿ. ಅದನ್ನ ದೊಡ್ಡದು ಮಾಡಿಸಿಕೊಡು.”

ಬೆಳಕು ಬಿದ್ದು ಹಾಳಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

“ಅವತ್ತು ನಾನು ತೆಗೀಲೇ ಇಲ್ಲ ಪುಟ್ಟಿ. ಬರಿ ಬೆಳಕು ಹೊಡೆದೆ. ರೀಲಲ್ಲಿ ಮೂರೇ ಇದ್ವು, ನೀನು ಕಾರು ಹತ್ತೋದಕ್ಕೆ ಅಂತ ಉಳಿಸ್ಕೊಂಡೆ.”

ತಂಗಿ ಬೈಯಲಿಲ್ಲ. ಎದ್ದು ಕಪಾಟಿನಿಂದ ಆಲ್ಬಮ್ ತಂದು, ತೊಡೆಯ ಮೇಲಿಟ್ಟುಕೊಂಡು ಕೊನೆಯ ಪುಟ ತೆರೆದಳು. ತನ್ನ ಮುಚ್ಚಿದ ಕಣ್ಣಿನ ಮೇಲೆ ಒಮ್ಮೆ, ಯಾರದೋ ಬೆನ್ನಿನ ಮೇಲೆ ಒಮ್ಮೆ ಬೆರಳಿಟ್ಟಳು.

“ಇದರಲ್ಲಿ ಎರಡು ದಂಡ ಆಗಿದ್ವಲ್ಲ ಅಣ್ಣ” ಎಂದಳು.