ಷಡ್ಡಕನ ದೋಣಿಯ ಚಕ್ರ

ನನಗೆ ಹೊಟ್ಟೆಕಿಚ್ಚಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ; ಅದು ಒಂದು ದೋಣಿಯ ಮೇಲೆ ಎನ್ನಲು ಮಾತ್ರ ನಾಚಿಕೆ. ಚಿಕ್ಕೋಡಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಭೂಗೋಳ ಕಲಿಸಿದವನು ನಾನು. ಮಾರುತಗಳು, ಸಾಗರದ ಪ್ರವಾಹಗಳು, ಎಲ್ಲವನ್ನೂ ಸೀಮೆಸುಣ್ಣದಲ್ಲೇ ಬೀಸಿಸಿ ಹರಿಸಿದ್ದೇನೆ. ಆದರೆ ಹಾಯಿದೋಣಿ ಕೊಂಡವನು ಶೇಡಬಾಳದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಷಡ್ಡಕ ಪದ್ಮಣ್ಣ. ಕೊಂಕಣ ಕರಾವಳಿಯ ಮಾಲವಣದ ಕಡೆಯಿಂದ ಹಳೆಯದೊಂದನ್ನು ಲಾರಿಯಲ್ಲಿ ತಂದು ಕುಡಚಿಯ ಹತ್ತಿರ ಕೃಷ್ಣೆಗೆ ಇಳಿಸಿದ.

ಅದಕ್ಕೊಂದು ಮರದ ಚಕ್ರ. ಅದನ್ನು ತಿರುಗಿಸಿದರೆ ಹಿಂದೆ ನೀರಿನಲ್ಲಿರುವ ಚುಕ್ಕಾಣಿ ಹೊರಳುತ್ತದೆ, ದೋಣಿ ಹೇಳಿದಂತೆ ಕೇಳುತ್ತದೆ. ನನ್ನ ಮಾತನ್ನು ಮನೆಯಲ್ಲಿ ಯಾವುದೂ ಹಾಗೆ ಕೇಳಿದ್ದಿಲ್ಲ. ಮೊದಲ ಸಲ ಹತ್ತಿದ ದಿನ ನನ್ನ ಹೆಂಡತಿ ತನ್ನ ಅಕ್ಕನ ಗಂಡನ ಕಡೆ ಕೈ ತೋರಿಸಿ, "ನಮ್ಮ ಮಾಮಾರು ಹೆಂಗ್ ನಡಸಾಕತ್ತಾರ ನೋಡ್ರಿ!" ಎಂದಳು. ನಾನು ನೋಡಲಿಲ್ಲ. ನದಿಯ ಮೆಕ್ಕಲು ಮಣ್ಣಿನ ಬಗ್ಗೆ ಏನೋ ಹೇಳಿದೆ, ಯಾರೂ ಕೇಳಲಿಲ್ಲ.

ದಡಕ್ಕೆ ಬಂದು ದೋಣಿ ಕಟ್ಟಿದ ಮೇಲೆ ಪದ್ಮಣ್ಣ ನನ್ನ ಕೈಗೆ ಹಗ್ಗ ಕೊಟ್ಟ. "ಸರ, ಚಕ್ರ ನಟ್ಟನಡುವ ನಿಲ್ಲಿಸಿ ಎರಡೂ ಕಡೆ ಬಿಗೀರಿ. ಸಡ್ಲ್ ಬಿಟ್ರ ಸೆಳವಿಗೆ ಚುಕ್ಕಾಣಿ ಬಡಕೊಂಡು ಮುರದ ಹೋಗತೈತಿ."

ಎಡಗಡೆ ಬಿಗಿದೆ. ಬಲಗಡೆ ಹಗ್ಗವನ್ನು ಸುಮ್ಮನೆ ಸುತ್ತಿ ಬಿಟ್ಟೆ. ಮರೆವಲ್ಲ, ಬೇಕೆಂದೇ.

ದಡದ ಮೇಲೆ ಚುರುಮುರಿ ತಿನ್ನುತ್ತ ಕೂತಿದ್ದಾಗ ಚಕ್ರ ತಾನಾಗಿ ತಿರುಗತೊಡಗಿತು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ, ಯಾರೋ ಕಾಣದವರು ನಡೆಸುತ್ತಿರುವಂತೆ. ಹಿಂದಿನಿಂದ ದಬ್ ದಬ್ ಸದ್ದು. ಎದ್ದು ಹೋಗಿ ಬಿಗಿಯಬಹುದಿತ್ತು. ಇನ್ನೊಂದು ಮುಷ್ಟಿ ಚುರುಮುರಿ ಬಾಯಿಗೆ ಹಾಕಿಕೊಂಡೆ. ಆಮೇಲೆ ಲಟಕ್ಕನೆ ಮುರಿದ ಸದ್ದು.

ಪದ್ಮಣ್ಣ ಎದೆಮಟ್ಟದ ನೀರಿಗಿಳಿದು, ಮುರಿದ ಚುಕ್ಕಾಣಿಯನ್ನು ಕೂಸಿನಂತೆ ಎತ್ತಿಕೊಂಡು ಬಂದ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ; ಚುರುಮುರಿಯ ಪೊಟ್ಟಣ ಕೆಳಗಿಟ್ಟು ಎದ್ದೆ.

"ಅಣ್ಣಾ, ನಾ ಬೇಕಂತನ ಸಡ್ಲ್ ಬಿಟ್ಟಿದ್ದೆ," ಎಂದೆ.

"ನಾ ಕಂಡಿದ್ನಲ್ರಿ," ಎಂದ ಅವನು, ಅಂಗಿ ಹಿಂಡುತ್ತ.

"ಕಂಡೂ ಸುಮ್ಮನಿದ್ರಿ?"

"ನೀವು ಕಟ್ಟಿದ್ದನ್ನ ನಾ ಬಿಚ್ಚಿ ಕಟ್ಟಿದ್ರ, ತಂಗಿ ಮುಂದ ನಿಮಗ ಹೆಂಗನಸ್ತಿತ್ತು? ಕಟಗಿ ಮುರದ್ರ ಬಡಿಗ್ಯಾರು ಅದಾರ, ಬಿಡ್ರಿ."

ದೋಣಿಯ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೇ ಆರಿತು. ಈಗ ಉರಿಯುತ್ತಿರುವುದು ಆ ಮನುಷ್ಯನ ಗುಣದ ಮೇಲೆ. ಇದು ಇನ್ನೂ ಕಷ್ಟದ್ದು. ದೋಣಿಯಾಗಿದ್ದರೆ ನಾನೂ ಎಂದಾದರೂ ಒಂದು ಕೊಳ್ಳಬಹುದಿತ್ತು.