ಕಾಕಾ ಇಳಿಸಿದ ಇಪ್ಪತ್ತೆರಡು ಡಿಗ್ರಿ

ಮೊನ್ನೆ ಭಾನುವಾರ ಮನೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಧೂಳು ಹೊಡೆಯುತ್ತಿದ್ದೆ. ವರ್ಷಗಟ್ಟಲೆ ಕಾದು ಆರಿದ ಧೂಳಿಗೆ ಒಂದು ವಾಸನೆ ಇರುತ್ತದೆ, ಇಸ್ತ್ರಿ ಹೆಚ್ಚು ಹೊತ್ತು ಒತ್ತಿದ ಅರಿವೆಯ ಹಾಗೆ. ಅದು ಮೂಗಿಗೆ ತಾಗಿದ್ದೇ ತಡ, ಪುಣೆಯ ಬಿಬವೇವಾಡಿಯ ಆ ಇಕ್ಕಟ್ಟಿನ ಸರ್ವರ್ ಖೋಲಿ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಕೈಯಲ್ಲಿ ಬ್ರಷ್ಷು ಹಿಡಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ದೌಂಡದ ಕಾಕಾ ಕೂಡ ಬಂದರು. ಬೇಡವೆಂದರೂ ಬರುತ್ತಾರೆ... ಅವರನ್ನು ಪ್ರೀತಿಯಿಂದ ನೆನೆಯುವ ಹಕ್ಕನ್ನು ನಾನೇನೂ ಉಳಿಸಿಕೊಂಡಿಲ್ಲ.

ನನ್ನದು ಮೊದಲಿನಿಂದಲೂ ಸಂಶಯದ ಜೀವ. ಅಪ್ಪ ವಿಜಾಪುರದಿಂದ ಬಂದು ಪುಣೆಯ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಇನ್ನೊಬ್ಬರ ಗಜಕಡ್ಡಿ ನಂಬಬೇಡಿ ಎಂಬ ಮಾತನ್ನು ನಮಗೆ ಅನ್ನದ ಜೊತೆಗೇ ಬಡಿಸಿದರು. ನಾನು ಅದನ್ನು ಗಜಕಡ್ಡಿಗೆ ಮಾತ್ರ ಬಿಡಲಿಲ್ಲ. ತರಕಾರಿಯವನ ತಕ್ಕಡಿ, ರಿಕ್ಷಾದ ಮೀಟರು, ನೆರೆಯವಳ ನಗು, ಎಲ್ಲಕ್ಕೂ ಹಚ್ಚಿದೆ. ಕಾಮಾಲೆ ಕಣ್ಣಿನವಳು ಎಂದು ಅವ್ವ ಬೈಯುತ್ತಿದ್ದಳು. ಬೈಸಿಕೊಂಡೂ ಒಳಗೊಳಗೆ ಹೆಮ್ಮೆಪಟ್ಟವಳು ನಾನು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಯಂತ್ರದ ಬಿಡಿಭಾಗಗಳ ನಕ್ಷೆ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ನಾವು ನಾಲ್ವರು ನಕ್ಷೆ ಬಿಡಿಸುವವರು, ನಮ್ಮ ಮೇಲೆ ಮರಾಠಿ ಸಾಹೇಬರು. ಎಲ್ಲ ನಕ್ಷೆಗಳೂ ಲಿನಕ್ಸ್ ಹಾಕಿದ ಒಂದೇ ಸರ್ವರಿನಲ್ಲಿ ಇರುತ್ತಿದ್ದವು. ಅದನ್ನು ನೋಡಿಕೊಳ್ಳಲು ವಾರಕ್ಕೆ ಮೂರು ದಿನ ದೌಂಡದಿಂದ ರೈಲಿನಲ್ಲಿ ಬರುತ್ತಿದ್ದವರೇ ಕಾಕಾ. ಮೂಲ ಕಲಬುರ್ಗಿಯ ಕಡೆಯವರು, ರೈಲ್ವೆಯ ಸಿಗ್ನಲ್ ಖಾತೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ವಯಸ್ಸಿನಲ್ಲಿ ಪುಸ್ತಕ ಇಟ್ಟುಕೊಂಡು, ಸಿಡಿ ಹಾಕಿಕೊಂಡು, ತಾವೇ ಲಿನಕ್ಸ್ ಕಲಿತಿದ್ದರು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಹಾಗಾಗಿ ನನಗೂ ಒಂದಿಷ್ಟು ಕಲಿಸಿದರು, ತಾವು ಬಾರದ ದಿನ ಬೇಕಾಗುತ್ತದೆಂದು ಪಾಸ್‌ವರ್ಡನ್ನೂ ಕೊಟ್ಟರು.

ಎರಡು ಮಾತನ್ನು ಅವರು ಪದೇ ಪದೇ ಹೇಳುತ್ತಿದ್ದರು. ಯಾವ ಫೈಲನ್ನೇ ಆಗಲಿ ಮುಟ್ಟುವ ಮೊದಲು ಅದರದೊಂದು ಪ್ರತಿ ತೆಗೆದಿಡಬೇಕು. ಏನನ್ನಾದರೂ ಬದಲಿಸಿದರೆ, ಅದರ ಮೇಲಿನ ಸಾಲಿನಲ್ಲಿ ಒಂದು ಗುರುತು ಹಾಕಿ ಕಾರಣ ಬರೆಯಬೇಕು. ಆ ಗುರುತಿದ್ದ ಸಾಲನ್ನು ಮಷಿನ್ ಓದುವುದಿಲ್ಲ. "ಅದು ಮನಶ್ಯಾರ ಸಲುವಾಗಿ ಇರೂದು, ತಂಗೀ," ಅನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಸರ್ವರ್ ಕೆಲಸದ ನಡುವೆ ಎರಡು ಸಲ ನಿಂತುಹೋಯಿತು. ಮದರ್‌ಬೋರ್ಡು ಮಿತಿಮೀರಿ ಬಿಸಿಯಾಗುತ್ತಿರಬೇಕು ಎಂದು ಸಾಹೇಬರ ಅನುಮಾನ. ಅದನ್ನು ಅಂಗಡಿಯಲ್ಲಿ ಆರಿಸಿ ತಂದವರು ಕಾಕಾ. ಬೋರ್ಡು ಕೆಟ್ಟದ್ದೆಂದು ಗೊತ್ತಾದರೆ ಅದನ್ನೂ ನಿಮ್ಮನ್ನೂ ಒಟ್ಟಿಗೇ ಕಳಿಸುತ್ತೇನೆ ಎಂದು ಸಾಹೇಬರು ನಗುನಗುತ್ತಲೇ ಅಂದರು. ಕಾಕಾ ನಗಲಿಲ್ಲ. ಆಮೇಲೆ ನನ್ನ ಹತ್ತಿರ, "ಇಷ್ಟು ವರ್ಷ ನೌಕರಿ ಮಾಡೀನಿ, ನನ್ನ ಹೆಸರಿಗೆ ಒಂದ ಕಪ್ಪು ಚುಕ್ಕಿ ಬಿದ್ದಿಲ್ಲ. ಈಗ ಈ ವಯಸ್ಸಿನಾಗ ಬೀಳಬಾರದು, ನೋಡು," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ ಅಲ್ಲವೇ ಎಂದುಕೊಂಡೆ ನಾನು.

ಮದರ್‌ಬೋರ್ಡಿನಲ್ಲಿ ಶಾಖ, ಫ್ಯಾನಿನ ವೇಗ, ವೋಲ್ಟೇಜು ಎಲ್ಲ ಅಳೆಯುವ ಒಂದು ಪುಟ್ಟ ಸೆನ್ಸರ್ ಚಿಪ್ ಇರುತ್ತದೆ. ಅದನ್ನು ಮಾತಾಡಿಸಲು ಕಾಕಾ ಸರ್ವರಿಗೆ ಒಂದು ಪ್ರೋಗ್ರಾಮು ಹಾಕಿದರು. ಅದು ಒಂದೊಂದೇ ಪ್ರಶ್ನೆ ಕೇಳುತ್ತಿತ್ತು, ಇಲ್ಲಿ ಹುಡುಕಲೇ, ಅಲ್ಲಿ ಹುಡುಕಲೇ ಎಂದು. ಕಾಕಾ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ, ಯೋಚಿಸಿ, ಹೌದು ಎಂದು ಒತ್ತುತ್ತಿದ್ದರು. ಕೊನೆಗೆ ಅಂಕಿಗಳು ಬಂದವು. ಪ್ರೊಸೆಸರಿನ ಶಾಖ ಎಪ್ಪತ್ತನಾಲ್ಕು ಡಿಗ್ರಿ! ಒಂದು ಫ್ಯಾನು ಸೊನ್ನೆ ಸುತ್ತು. ಕಣ್ಣೆದುರಿಗೇ ಗರಗರ ತಿರುಗುತ್ತಿದ್ದ ಫ್ಯಾನು ಸೊನ್ನೆಯಂತೆ! "ಅದಕ್ಕ ಎರಡ ತಂತಿ ಅದಾವ. ವೇಗ ಹೇಳೂ ಮೂರನೇ ತಂತಿ ಇಲ್ಲ," ಎಂದರು ಕಾಕಾ. ಈ ಮನುಷ್ಯನ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ಸಿದ್ಧವಾಗಿರುತ್ತದೆ ಎಂದು ನನಗೆ ಅನಿಸಿತು.

ಶಾಖ ಎಪ್ಪತ್ತು ದಾಟಿದರೆ ಸರ್ವರ್ ತಾನಾಗಿಯೇ ಬಂದ್ ಆಗುವಂತೆ ಒಂದು ಕಾವಲಿನ ಪ್ರೋಗ್ರಾಮನ್ನೂ ಅವರು ಬರೆದರು. ಅದು ಐದು ನಿಮಿಷಕ್ಕೊಮ್ಮೆ ಅಂಕಿ ನೋಡುತ್ತದೆ. ಆದರೆ ಅದನ್ನು ಆಗಲೇ ಚಾಲೂ ಮಾಡಲಿಲ್ಲ. ಮೊದಲು ಈ ಮೀಟರು ಖರೆ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡಬೇಕು ಎಂದರು.

ಮುಂದಿನ ವಾರ ನಮ್ಮ ವಾಚ್‌ಮನ್ ಸುಮ್ಮನೆ ಮಾತಿಗೆ ಹೇಳಿದ. ಕಾಕಾ ಮೂರು ದಿನ ಮೊದಲನೇ ಗಾಡಿಗೇ ಬಂದು, ಯಾರೂ ಬರುವ ಮೊದಲೇ ಬೀಗ ತೆಗೆಸಿ, ಸರ್ವರ್ ಖೋಲಿಯಲ್ಲಿ ಕುಳಿತಿದ್ದರಂತೆ. ಏಕೆ? ಯಾರೂ ಇಲ್ಲದಾಗ ಅಲ್ಲೇನು ಕೆಲಸ? ಅದೇ ವಾರ ಬೋರ್ಡು ಕೊಟ್ಟ ಅಂಗಡಿಯ ಮುಂದೆ ಅವರನ್ನು ನೋಡಿದ್ದೆ. ಅಂಗಡಿಯವನು ಕಾಗದದಲ್ಲಿ ಸುತ್ತಿದ ಏನನ್ನೋ ಅವರ ಕೈಗೆ ಕೊಟ್ಟ, ಕಾಕಾ ಅದನ್ನು ಹೆಗಲ ಚೀಲಕ್ಕೆ ಇಳಿಸಿದರು. ನನ್ನ ತಲೆಯಲ್ಲಿ ಕಥೆ ಪೂರ್ತಿ ಆಗಲು ಇನ್ನೇನು ಬೇಕಿತ್ತು!

ಸೋಮವಾರ ನೋಡಿದರೆ ಶಾಖ ಐವತ್ತೆರಡು. ಫ್ಯಾನು ಅದೇ, ಬೋರ್ಡು ಅದೇ, ಬಿಸಿಲೂ ಅದೇ. ಕಾವಲಿನ ಪ್ರೋಗ್ರಾಮೂ ಚಾಲೂ ಆಗಿತ್ತು. ಸಾಹೇಬರು ಅಂಕಿ ನೋಡಿ ಸಮಾಧಾನಪಟ್ಟರು. ನನಗೆ ಸಮಾಧಾನವೆಲ್ಲಿಂದ ಬರಬೇಕು? ಮಧ್ಯಾಹ್ನ ಕಾಕಾ ಚಹಾಕ್ಕೆ ಹೋದಾಗ ಸೆನ್ಸರಿನ ಫೈಲು ತೆರೆದೆ. ಅಲ್ಲಿತ್ತು ಆ ಸಾಲು. ಚಿಪ್ ಕೊಟ್ಟ ಅಂಕಿಯಿಂದ ಇಪ್ಪತ್ತೆರಡು ಕಳೆದು ತೋರಿಸು, ಅಷ್ಟೇ. ನನಗೆ ಅಷ್ಟೊಂದು ಪಾಠ ಹೇಳಿದವರು ಆ ಸಾಲಿನ ಮೇಲೆ ಕಾರಣವನ್ನೇ ಬರೆದಿರಲಿಲ್ಲ.

ಸಿಕ್ಕಿಬಿದ್ದರು ಎಂದು ಕುಣಿದಾಡುವಂತಾಯಿತು. ಕಳಪೆ ಬೋರ್ಡು ತಂದು, ಅಂಗಡಿಯವನಿಂದ ಏನೋ ಪಡೆದು, ಈಗ ಜ್ವರ ಬಂದವನ ಥರ್ಮಾಮೀಟರು ತಿದ್ದಿದ ಹಾಗೆ ಅಂಕಿ ತಿದ್ದಿದ್ದಾರೆ! ಸಾಕ್ಷಿಗಿರಲೆಂದು ಆ ಫೈಲಿನ ಪ್ರತಿಯನ್ನು ನನ್ನ ಹೆಸರಿನ ಫೋಲ್ಡರಿನಲ್ಲಿ ಇಟ್ಟುಕೊಂಡೆ. ಆಮೇಲೆ ಆ ಸಾಲನ್ನು ಅಳಿಸಿದೆ. ಪರದೆಯ ಮೇಲೆ ಎಪ್ಪತ್ತಾರು ಎಂದು ಬಂತು. ಸಾಹೇಬರನ್ನು ಕರೆದು ತಂದು ತೋರಿಸಬೇಕೆಂದು ಎದ್ದೆ. ಅವರು ಫೋನಿನಲ್ಲಿದ್ದರು. ಬಾಗಿಲಲ್ಲೇ ಕಾಯುತ್ತ ನಿಂತೆ.

ಕಾವಲಿನ ಪ್ರೋಗ್ರಾಮು ನನಗೆ ನೆನಪೇ ಇರಲಿಲ್ಲ. ಅದು ಎಪ್ಪತ್ತಾರು ನೋಡಿತು, ಸರ್ವರನ್ನು ಬಂದ್ ಮಾಡಿತು. ಅಯ್ಯೋ ದೇವರೇ... ಅಂದು ಸಂಜೆಯೇ ಕಳಿಸಬೇಕಾಗಿದ್ದ ನಕ್ಷೆಗಳು, ಮೂವರು ಬೆಳಗಿನಿಂದ ಕುಳಿತು ಮಾಡಿದ್ದು, ಅರ್ಧಕ್ಕೇ ಹೋದವು. ಎಲ್ಲರೂ ಕೂಗಾಡಿದರು. ಸಾಹೇಬರು ಫೋನು ಇಟ್ಟು ಹೊರಗೆ ಬಂದು, ಏನಾಯಿತೆಂದು ಎದುರಿಗಿದ್ದ ನನ್ನನ್ನೇ ಕೇಳಿದರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನ್ನ ಜಾಣತನ. ಶಾಖ ಹೆಚ್ಚಾಗಿ ಸರ್ವರ್ ಬಂದ್ ಆಗಿದೆ, ಕಾಕಾ ಇಪ್ಪತ್ತೆರಡು ಡಿಗ್ರಿ ಇಳಿಸಿ ತೋರಿಸುತ್ತಿದ್ದರು, ನಾನು ಫೈಲಿನಲ್ಲಿ ನೋಡಿದ್ದೇನೆ ಎಂದೆ. ಆ ಸಾಲನ್ನು ಅಳಿಸಿದವಳು ನಾನು ಎಂಬುದನ್ನು ಮಾತ್ರ ನುಂಗಿದೆ.

ಅಷ್ಟರಲ್ಲಿ ಕಾಕಾ ಚಹಾ ಕುಡಿದು ಬಂದರು. ಇಪ್ಪತ್ತೆರಡು ಇಳಿಸಿದ್ದು ನಿಜವೇ ಎಂದು ಸಾಹೇಬರು ಕೇಳಿದರು. ನಿಜ, ಆ ಚಿಪ್ ಇಪ್ಪತ್ತೆರಡು ಹೆಚ್ಚಿಗೆ ಹೇಳುತ್ತದೆ ಎಂದರು ಕಾಕಾ. ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಇಳಿಸಿ ತೋರಿಸಿದ ಮೇಲೂ ಎಪ್ಪತ್ತು ದಾಟಿ ಬಂದ್ ಆಗಿದೆ, ಅಂದರೆ ಒಳಗೆ ಎಷ್ಟು ಸುಡುತ್ತಿರಬೇಕು, ನನ್ನನ್ನೇನು ಮಂಗ ಮಾಡುತ್ತೀರಾ ಎಂದು ಕಿರುಚಿದರು. ಕಾಕಾ ಸರ್ವರನ್ನು ಮತ್ತೆ ಹಚ್ಚಿ, ಫೈಲು ತೆರೆದು, ಪರದೆಯ ಮೇಲೆ ಆ ಸಾಲು ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ತಂಗೀ, ನೀ ಏನರ ಮುಟ್ಟೀಯೇನು?"

"ಇಲ್ರಿ ಕಾಕಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಎರಡು ಶಬ್ದ ಆಡಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಕಾಕಾ ಸಾಹೇಬರತ್ತ ತಿರುಗಿ, ನಾಳೆ ಬೆಳಿಗ್ಗೆ ಒಂದೇ ಒಂದು ಸಲ ಬೇಗ ಬನ್ನಿ, ಮಷಿನ್ ತಣ್ಣಗಿರುವಾಗ ತೋರಿಸುತ್ತೇನೆ ಎಂದು ಕೇಳಿಕೊಂಡರು. ಎರಡು ಸಲ ಕೇಳಿಕೊಂಡರು. "ಪುರೇ ಝಾಲಂ," ಎಂದರು ಸಾಹೇಬರು. ಸಾಕು, ನಾಳೆಯಿಂದ ಬರಬೇಡಿ. ಚಾರ್ಜು ಒಪ್ಪಿಸಿ ಹೋಗಲು ಅರ್ಧ ಗಂಟೆ ಕೊಡಿ ಎಂದು ಕಾಕಾ ಕೇಳಿದರು. ರೈಲ್ವೆಯ ಚಟ.

ಆ ಅರ್ಧ ಗಂಟೆ ಅವರು ಸರ್ವರಿನ ಮುಂದೆ ಒಬ್ಬರೇ ಕುಳಿತು ಏನೋ ಟೈಪ್ ಮಾಡಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ, ಏನನ್ನಾದರೂ ಕೆಡಿಸಿ ಹೋದಾರೆಂದು. ಹೋಗುವಾಗ ಎಲ್ಲರಿಗೂ ಬರ್ತೀನ್ರಿ ಎಂದರು, ನನಗೂ ಅಂದರು. ಮರುದಿನ ನನ್ನ ಫೋಲ್ಡರು ತೆರೆದರೆ, ನಾನು ಇಟ್ಟುಕೊಂಡಿದ್ದ ಪ್ರತಿಯೇ ಇರಲಿಲ್ಲ. ನೋಡಿದಿರಾ, ಸಾಕ್ಷಿಯನ್ನೇ ಅಳಿಸಿ ಹೋದ ಮುದುಕ ಎಂದು ಮನೆಯಲ್ಲಿ ದೊಡ್ಡ ದನಿಯಲ್ಲಿ ಹೇಳಿದೆ.

ಹೊಸದಾಗಿ ಬಂದ ರಿಪೇರಿಯವನು ಮೆಮೊರಿಯ ಒಂದು ಪಟ್ಟಿ ಬದಲಿಸಿದ. ಸರ್ವರ್ ನಿಲ್ಲುವುದು ನಿಂತಿತು. ಸೆನ್ಸರು, ಕಾವಲು ಎರಡನ್ನೂ ಅವನು ಬಂದ್ ಮಾಡಿಬಿಟ್ಟ, ಅಂಕಿ ನೋಡಿದರಲ್ಲವೇ ತಲೆನೋವು ಎಂದ. ಅದೇ ಬೋರ್ಡು ಆಮೇಲೆ ಹಲವು ಬೇಸಿಗೆ ದಾಟಿತು, ಒಮ್ಮೆಯೂ ಸುಡಲಿಲ್ಲ. ಹಾಗಾದರೆ ಕಾಕಾ ಹೇಳಿದ್ದೇ ನಿಜವಿತ್ತೇ ಎಂಬ ಸಂಶಯ ಬರುತ್ತಿತ್ತು. ಆದರೂ ಆ ಫೈಲನ್ನು ಮತ್ತೆ ತೆರೆಯುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಹಳೆಯ ಸರ್ವರ್ ಗುಜರಿಗೆ ಹೋಯಿತು. ಅದರಲ್ಲಿದ್ದುದನ್ನೆಲ್ಲ ಸಿಡಿಗಳಿಗೆ ಇಳಿಸಿಟ್ಟವಳು ನಾನೇ.

ಇನ್ನೂ ಕೆಲವು ವರ್ಷ ಕಳೆದವು. ಮದುವೆಯಾಗಿ ಪುಣೆಯ ಪಕ್ಕದ ನಿಗಡಿಗೆ ಬಂದಿದ್ದೆ. ಮನೆಯಲ್ಲೇ ನಕ್ಷೆ ಕೆಲಸ ಮಾಡಲು ಒಂದು ಮಷಿನ್ ಕೊಂಡು, ಅದಕ್ಕೂ ಲಿನಕ್ಸ್ ಹಾಕಿ, ಸೆನ್ಸರ್ ಹೊಂದಿಸಲು ಕುಳಿತೆ. ಚಿಪ್ ಹೇಳುವ ಅಂಕಿ ಪ್ರತಿ ಬೋರ್ಡಿಗೂ ಬೇರೆ, ನೀವೇ ಪರೀಕ್ಷಿಸಿ ಕೂಡಿಸಿ ಕಳೆದು ಸರಿಮಾಡಿಕೊಳ್ಳಬೇಕು ಎಂದು ಆ ಪ್ರೋಗ್ರಾಮಿನ ಜೊತೆಗೆ ಬಂದ ಟಿಪ್ಪಣಿಯಲ್ಲೇ ಬರೆದಿತ್ತು. ಅದನ್ನು ಓದಿದವಳೇ ಹಳೆಯ ಸಿಡಿ ಹುಡುಕಿ ತೆಗೆದು ಆ ಫೈಲು ತೆರೆದೆ.

ನಾನು ಅಳಿಸಿದ ಸಾಲು ತನ್ನ ಜಾಗದಲ್ಲೇ ಇತ್ತು. ಅದರ ಮೇಲೆ ಗುರುತು ಹಾಕಿದ ಸಾಲುಗಳು. ಅಕ್ಷರ ಇಂಗ್ಲಿಷು, ಮಾತು ಕನ್ನಡ. ಆ ಆಫೀಸಿನಲ್ಲಿ ನನ್ನೊಬ್ಬಳ ಹೊರತು ಯಾರೂ ಓದಲಾಗದ ಹಾಗೆ.

"ತಂಗೀ, ಇಲ್ಲಿ ಕಾರಣ ಬರೀಲಿಲ್ಲ, ಅದು ನನ್ನ ತಪ್ಪು. ಮೂರು ಮುಂಜಾನಿ ಮಷಿನ್ ತಣ್ಣಗಿದ್ದಾಗ ಹಚ್ಚಿ ನೋಡೀನಿ. ಖೋಲಿ ಇಪ್ಪತ್ತೇಳು, ಚಿಪ್ ನಲವತ್ತೊಂಬತ್ತು. ರಾತ್ರಿಯೆಲ್ಲಾ ಬಂದ್ ಇದ್ದ ಮಷಿನ್ ಖೋಲಿಗಿಂತ ಬಿಸಿ ಹ್ಯಾಂಗ ಇರ್ತದ? ನಿನ್ನ ಫೋಲ್ಡರಿನಾಗಿನ ಪ್ರತಿ ಅಳಿಸೀನಿ. ಅದರ ಮ್ಯಾಲೆ ನೀ ತಗದ ಹೊತ್ತು ಅದ, ಸರ್ವರ್ ಬಂದ್ ಆಗೂಕಿಂತ ಸ್ವಲ್ಪ ಮೊದಲಿಂದು, ಸಾಹೇಬರು ನೋಡಿದರ ನಿನ್ನ ನೌಕರಿ ಹೋಗ್ತದ. ನನ್ನ ಮಾತು ನಂಬಬ್ಯಾಡ. ನೀನೂ ಒಂದು ಮುಂಜಾನಿ ಹಚ್ಚಿ ನೋಡು."

ನಾನು ಬಾಗಿಲ ಸಂದಿಯಿಂದ ಕಾವಲು ಕಾದ ಅರ್ಧ ಗಂಟೆಯಲ್ಲಿ ಅವರು ಬರೆದದ್ದು ಇದು. ನಾಚಿಕೆಯಿಂದ ಅತ್ತೆ. ಮುಂದಿನ ರಜೆಯ ದಿನ ದೌಂಡಕ್ಕೆ ಹೋದೆ. ಸ್ಟೇಷನ್ನಿನ ಹತ್ತಿರ ವಿಚಾರಿಸುತ್ತ ಹೋಗಿ ಮನೆ ಹುಡುಕಿದರೆ ಬೀಗ. ಅವರು ತೀರಿಕೊಂಡು ಎರಡು ವರ್ಷವಾಯಿತು, ಹೆಂಡತಿ ಸೊಲ್ಲಾಪುರದಲ್ಲಿ ಮಗಳ ಮನೆ ಸೇರಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ನೀವು ಯಾರಾಗಬೇಕು ಎಂದೂ ಕೇಳಿದರು. ಅವರ ಕೈಯಲ್ಲಿ ಕೆಲಸ ಕಲಿತವಳು ಎಂದೆ... ಸೊಲ್ಲಾಪುರಕ್ಕೆ ಹೋಗಲಿಲ್ಲ. ಆ ತಾಯಿಯ ಮುಖ ನೋಡಿ ಏನೆಂದು ಹೇಳಲಿ?

ಅಂಗಡಿಯವನು ಕೊಟ್ಟ ಕಾಗದದ ಕಟ್ಟಿನಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಹಾಳು ಬುದ್ಧಿ, ಈಗಲೂ ಒಮ್ಮೊಮ್ಮೆ ಅತ್ತ ಹರಿಯುತ್ತದೆ. ಆಗ ನನಗೆ ನಾನೇ ಬೈದುಕೊಳ್ಳುತ್ತೇನೆ.

ಧೂಳು ಹೊಡೆದು, ಡಬ್ಬಿ ಮುಚ್ಚಿ, ಸೋಮವಾರ ಬೆಳಿಗ್ಗೆ ಮಷಿನ್ ಹಚ್ಚುವ ಮೊದಲು ಖೋಲಿಯ ಶಾಖ ನೋಡಿಕೊಂಡೆ. ನನ್ನ ಮಷಿನ್ನಿಗೆ ಆ ಪರೀಕ್ಷೆ ಮಾಡಬಹುದು. ಅವರು ಮಾಡೆಂದದ್ದು ಆ ಬೋರ್ಡಿಗೆ, ಅದು ಗುಜರಿಯಲ್ಲಿ ಚೂರಾಗಿ ಎಷ್ಟೋ ವರ್ಷವಾಯಿತು. ಆ ಇಪ್ಪತ್ತೆರಡು ಡಿಗ್ರಿಯನ್ನು ಇನ್ನು ಯಾವ ಮುಂಜಾನೆಯೂ ಹಚ್ಚಿ ನೋಡಲಾಗುವುದಿಲ್ಲ. ನಂಬಬ್ಯಾಡ ಎಂದು ಬರೆದ ಅವರ ಮಾತೊಂದೇ ನನ್ನ ಹತ್ತಿರ ಉಳಿದಿರುವುದು. ಅದನ್ನು ಪರೀಕ್ಷೆಯಿಲ್ಲದೆ ನಂಬಿದ್ದೇನೆ ಕಾಕಾ. ಇದನ್ನು ಹೇಳೋಣವೆಂದರೆ ನೀವಿಲ್ಲ.