ಎರಡ್ನಿಮಿಷ ಜೀಪಿಗೆ ಕೊಂಡಿ ಹಾಕಿಸಿದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೆಲೂನ್ ಇಟ್ಟಿದ್ದ ಆ ಮನುಷ್ಯರ ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ಎರಡ್ನಿಮಿಷ. ಬೆಂಚಿನ ಮೇಲೆ ಎಷ್ಟೇ ಜನ ಕಾದಿರಲಿ, ಬಾಗಿಲಲ್ಲಿ ಇಣುಕಿದವರಿಗೆ "ಕೂತ್ಕೊಳ್ಳಿ, ಎರಡ್ನಿಮಿಷ" ಎನ್ನುವುದು ಮೂವತ್ತು ವರ್ಷದ ಅಭ್ಯಾಸ. ಆ ಎರಡು ನಿಮಿಷದಲ್ಲಿ ಜನ ಪತ್ರಿಕೆಯನ್ನು ಕೊನೇ ಪುಟದವರೆಗೆ ಓದಿ, ಒಂದು ನಿದ್ದೆ ತೆಗೆದು ಎದ್ದದ್ದೂ ಉಂಟು.

ಯಾವ ತಲೆಗೆ ಯಾವ ಕಟಿಂಗ್ ಹೊಂದುತ್ತದೆ ಎಂಬುದನ್ನು ಅವರು ಒಂದೇ ನೋಟಕ್ಕೆ ಹೇಳುತ್ತಿದ್ದರು. ಬೇರೆ ಯಾವ ವಿಷಯದಲ್ಲೂ ಅವರಿಂದ ಒಂದು ತೀರ್ಮಾನ ಹೊರಡುತ್ತಿರಲಿಲ್ಲ. ಒಂದು ಜೊತೆ ಚಪ್ಪಲಿ ಕೊಳ್ಳಲು ಮೂರು ಭಾನುವಾರ ಬೇಕಾಗುತ್ತಿತ್ತು. ಮನೆಯ ತೀರ್ಮಾನಗಳೆಲ್ಲ ಹೆಂಡತಿಯವು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಒಂದಕ್ಷರ ಬಿಡದೆ ಓದುವವರು.

ಊರ ಪಕ್ಕದ ಗುಡ್ಡದ ಮೇಲೆ ಕಲ್ಲುಗಣಿ. ಗಣಿಯವರು ವಾರಕ್ಕೊಮ್ಮೆ ಬಸ್ಸಿನಲ್ಲಿ ಇಳಿದು ಬಂದು ಕೂದಲು ತೆಗೆಸಿಕೊಳ್ಳುತ್ತಿದ್ದರು. ಆ ಬಸ್ಸು ನಿಂತುಹೋಯಿತು. ಎರಡ್ನಿಮಿಷ ಕತ್ತರಿ ಪೆಟ್ಟಿಗೆ ಹಿಡಿದು ತಾವೇ ಹತ್ತೋಣವೆಂದು ಹಳೆಯದೊಂದು ಪುಟ್ಟ ಜೀಪು ತಂದರು. ಎರಡೇ ಬಾಗಿಲು, ನಾಲ್ಕೂ ಚಕ್ರ ಎಳೆಯುವಂಥದು. ಗುಡ್ಡದ ಕೊರಕಲು ದಾರಿಯನ್ನು ಮೇಕೆಯ ಹಾಗೆ ಹತ್ತಿತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಿರಾಕಿಗಳನ್ನು ಕೂರಿಸಿ ಬಗ್ಗಿ ಬಗ್ಗಿ ಕತ್ತರಿ ಆಡಿಸಿ ಅವರ ಸೊಂಟ ಹಿಡಿದುಕೊಂಡಿತು. ಸೊಂಟಕ್ಕಿಂತ ಹೆಚ್ಚು ನೋಯಿಸಿದ್ದು ಗಣಿಯ ಮೇಸ್ತ್ರಿಯ ಮಾತು.

"ಕಟಿಂಗ್ ಏನೋ ಚೆನ್ನಾಗಿದೆ. ಆದ್ರೆ ಆ ಕುರ್ಚಿ ಇಲ್ದೆ ಕಟಿಂಗ್ ಮಾಡಿಸ್ಕೊಂಡ ಹಾಗೇ ಅನ್ನಿಸ್ಲಿಲ್ಲ."

ಆ ಕುರ್ಚಿ ಎಂದರೆ ಸೆಲೂನಿನ ಕಬ್ಬಿಣದ ಕುರ್ಚಿ. ಕಾಲಲ್ಲಿ ಒತ್ತಿದರೆ ಮೇಲೇಳುತ್ತದೆ, ತಿರುಗುತ್ತದೆ, ಹಿಂದಕ್ಕೆ ಒರಗುತ್ತದೆ. ತೂಕ ಎಂಬತ್ತು ಕಿಲೋ. ಜೀಪಿಗೆ ತುರುಕಿ ನೋಡಿದರು. ಕುರ್ಚಿ ಒಳಗೆ ಹಿಡಿಸಿತು, ಡ್ರೈವರ್ ಹಿಡಿಸಲಿಲ್ಲ. ಕೊನೆಗೆ ಹೆಂಡತಿ ಹೇಳಿದಂತೆ ಎರಡು ಚಕ್ರದ ಸಣ್ಣ ಟ್ರೇಲರ್ ಬಂತು. ಅದನ್ನು ಎಳೆಯಲು ಜೀಪಿನ ಹಿಂದೆ ಒಂದು ಕೊಂಡಿ ಬೇಕಿತ್ತು.

"ಕೊಂಡಿ ಒಂದನ್ನಾದ್ರೂ ನೀವೇ ನೋಡ್ಕೊಳ್ಳಿ," ಎಂದು ಹೆಂಡತಿ ಕೈತೊಳೆದುಕೊಂಡರು.

ಎರಡ್ನಿಮಿಷ ಬೆಂಚಿನ ಮೇಲಿದ್ದವರನ್ನೆಲ್ಲ ಕೇಳಿದರು. ಹಾಲಿನ ವ್ಯಾನಿನ ಡ್ರೈವರ್ ತುದಿಯಲ್ಲಿ ಉಕ್ಕಿನ ಗುಂಡು ಇರುವ ಕೊಂಡಿಯೇ ಸರಿ ಎಂದ. ಅಂಚೆಯವರು, ಗುಂಡು ಜಾರುತ್ತದೆ, ಪಿನ್ನು ತೂರಿಸುವಂಥದು ಹಾಕಿಸಿ ಎಂದರು. ಬಿಚ್ಚಿ ಎತ್ತಿಡುವ ಕೊಂಡಿಯನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ ಎಂದು ನಿವೃತ್ತ ಗಣಿತದ ಮೇಷ್ಟ್ರು ಬೆರಳು ಆಡಿಸಿದರು. ಅವರ ಹತ್ತಿರ ಸೈಕಲ್ಲೂ ಇರಲಿಲ್ಲ. ಎಲ್ಲರಿಗೂ ಎರಡ್ನಿಮಿಷ ಹೌದು ಹೌದು ಎಂದರು. ಎರಡು ತಿಂಗಳು ಉರುಳಿತು. ಟ್ರೇಲರಿನೊಳಗೆ ಬೆಕ್ಕು ಮರಿ ಹಾಕಿತು.

ಇದನ್ನು ನೋಡಲಾಗದೆ ನಡುವೆ ಬಂದವರು ಹೆಂಡತಿಯ ಅಣ್ಣ. ವೆಲ್ಡಿಂಗ್ ಶೆಡ್ ಇಟ್ಟವರು. ಊರಿನ ಅರ್ಧ ಗೇಟುಗಳು ಅವರ ಕೈಯವು. ಒಂದೊಂದನ್ನು ತೆರೆಯಲು ಇಬ್ಬರು ಬೇಕು. ಅವರೂ ಎರಡ್ನಿಮಿಷರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು.

"ಒಂದು ಕೊಂಡಿಗೆ ಇಷ್ಟು ತಲೆ ಕೆಡಿಸ್ಕೋತಾರಾ ಭಾವ? ನಾನಿಲ್ವಾ?"

"ಇದ್ದೀರಲ್ಲ ಭಾವ," ಎಂದರು ಎರಡ್ನಿಮಿಷ, ಬೇರೇನು ಹೇಳುವುದೆಂದು ತೋಚದೆ.

ಅದನ್ನೇ ಒಪ್ಪಿಗೆ ಎಂದುಕೊಂಡ ಭಾವ ಮರುದಿನವೇ ಜೀಪನ್ನು ಶೆಡ್ಡಿಗೆ ಒಯ್ದು ತೋಳುಗಾತ್ರದ ಕೊಂಡಿಯೊಂದನ್ನು ಬೆಸೆದು, ಕೆಂಪು ಬಣ್ಣ ಬಳಿದು ತಂದು ನಿಲ್ಲಿಸಿದರು. ಅವರು ಅತ್ತ ಹೋದದ್ದೇ ತಡ, ಹೆಂಡತಿ ಜೀಪಿನ ಪುಸ್ತಕ ಹಿಡಿದು ಅಂಗಳಕ್ಕೆ ಬಂದರು.

"ರೀ, ಇದನ್ನ ಅಡಿಯಲ್ಲಿರೋ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ಬೋಲ್ಟ್ ಹಾಕಿ ಕೂರಿಸ್ಬೇಕು ಅಂತ ಬರೆದಿದೆ. ಅಣ್ಣ ಬಂಪರಿಗೆ ವೆಲ್ಡ್ ಮಾಡಿದಾನೆ."

"ಕೇಳಿದ್ರೆ ಬೇಜಾರ್ ಮಾಡ್ಕೋತಾರೆ."

"ನಾನು ಕೇಳ್ತೀನಿ."

"ನೀನು ಕೇಳಿದ್ರೆ, ನಾನು ಕೇಳಿಸ್ದೆ ಅಂತ ಬೇಜಾರ್ ಮಾಡ್ಕೋತಾರೆ."

"ಹಾಗಾದ್ರೆ ಇನ್ಸ್‌ಪೆಕ್ಟರೇ ಕೇಳಲಿ," ಎಂದು ಆಕೆ ಪುಸ್ತಕ ಮುಚ್ಚಿದರು.

ಕೊಂಡಿ ಹಾಕಿದ ಗಾಡಿ ರಸ್ತೆಗಿಳಿಯಬೇಕಾದರೆ ವಾಹನ ತಪಾಸಣೆಯವರ ಮುದ್ರೆ ಬೀಳಬೇಕು. ಮೂವರೂ ಅವರ ಕಚೇರಿಗೆ ಹೋದರು, ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಇನ್ಸ್‌ಪೆಕ್ಟರ್ ಜೀಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಅವರ ಬಲಗಿವಿಯ ಮೇಲೆ ಯಾರೋ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದರು. ಎರಡ್ನಿಮಿಷರ ಗಮನವೆಲ್ಲ ಆ ಮೆಟ್ಟಿಲ ಮೇಲೆಯೇ.

"ಇದರ ತಗಡು ಎಲ್ಲಿ?" ಎಂದರು ಇನ್ಸ್‌ಪೆಕ್ಟರ್.

"ಯಾವ ತಗಡು ಸಾರ್?"

"ಯಾವ ಗಾಡಿಗೆ ಮಾಡಿದ್ದು, ಎಷ್ಟು ತೂಕ ಎಳೆಯುತ್ತೆ, ಪರೀಕ್ಷೆ ಆಗಿದ್ಯಾ, ಎಲ್ಲ ಅಚ್ಚು ಹಾಕಿದ ತಗಡು ಇರ್ಬೇಕು. ಯಾರು ಜವಾಬ್ದಾರಿ ಅಂತ ಗೊತ್ತಾಗ್ಬೇಕಲ್ಲ."

"ಜವಾಬ್ದಾರಿ ನಾನೇ ಇದೀನಲ್ಲ," ಎಂದರು ಭಾವ.

"ನಿಮ್ಮನ್ನ ಕೊಂಡಿಗೆ ಅಂಟಿಸೋಕಾಗಲ್ಲ. ನಂಬರ್ ಪ್ಲೇಟ್ ಬೇರೆ ಅರ್ಧ ಮುಚ್ಚಿದೀರಿ. ಟ್ರೇಲರ್ ದೀಪಕ್ಕೆ ವೈರಿಂಗೂ ಇಲ್ಲ."

ಭಾವನ ಮುಖ ಕೊಂಡಿಯ ಬಣ್ಣಕ್ಕೆ ತಿರುಗಿತು. ಅವರು ಜೀಪಿನಿಂದ ಹಗ್ಗ ತೆಗೆದು, ಒಂದು ತುದಿಯನ್ನು ಕೊಂಡಿಗೂ ಇನ್ನೊಂದನ್ನು ಅಂಗಳದ ಕಾಂಕ್ರೀಟ್ ಕಂಬಕ್ಕೂ ಬಿಗಿದರು.

"ಭಾವ, ಗಾಡಿ ಮುಂದಕ್ಕೆ ತೆಗೀರಿ. ಇವರೇ ನೋಡ್ಲಿ."

"ಬೇಡ," ಎಂದರು ಇನ್ಸ್‌ಪೆಕ್ಟರ್.

"ತೆಗೀರಿ."

ಅಷ್ಟರಲ್ಲಿ ಹತ್ತಿ ಕೂತು ಸ್ಟೇರಿಂಗ್ ಹಿಡಿದು ಗೇರ್ ಹಾಕಿದ್ದ ಎರಡ್ನಿಮಿಷ ಇಬ್ಬರ ಮುಖವನ್ನೂ ನೋಡಿದರು. ಹೆಂಡತಿಯ ಮುಖ ನೋಡೋಣವೆಂದು ಹೊರಳುವಾಗ ಕ್ಲಚ್ಚಿನ ಮೇಲಿದ್ದ ಕಾಲು ಜಾರಿತು. ಜೀಪು ನೆಗೆದು ಮುಂದೆ ಹೋಯಿತು. ಬಂಪರ್ ಹೋಗಲಿಲ್ಲ.

ಧೂಳು ಕೂತ ಮೇಲೆ ನೋಡಿದರೆ ಬಂಪರ್ ಕಂಬದ ಹತ್ತಿರ ಬಿದ್ದಿತ್ತು, ಕೊಂಡಿ ಅದಕ್ಕೆ ಭದ್ರವಾಗಿ ಅಂಟಿಕೊಂಡಿತ್ತು. ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

"ನೋಡಿದ್ರಾ, ಕೊಂಡಿಗೆ ಏನೂ ಆಗಿಲ್ಲ," ಎಂದರು ಭಾವ, ಸಣ್ಣ ದನಿಯಲ್ಲಿ.

"ಕೊಂಡಿ ಗಟ್ಟಿನೇ ಸ್ವಾಮಿ. ಅದು ಹಿಡ್ಕೊಂಡಿದ್ದು ಗಟ್ಟಿ ಇಲ್ಲ. ಗುಡ್ಡದ ಮೇಲೆ ಹೀಗಾಗಿದ್ರೆ ಟ್ರೇಲರ್ ಬಂಪರ್ ಹೊತ್ಕೊಂಡು ಊರಿಗೆ ಬರ್ತಿತ್ತು."

ಆಮೇಲೆ ಭಾವ ಎಂಟು ದಿನ ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಎರಡ್ನಿಮಿಷರಿಗೆ ಊಟ ಸೇರದಾಯಿತು. ಭಾವನ ಕೊಂಡಿ ತಪ್ಪಿದ್ದಕ್ಕಿಂತ, ಹತ್ತು ಜನರ ಮುಂದೆ ಅದನ್ನು ಕಿತ್ತದ್ದು ತನ್ನ ಕಾಲು ಎಂಬುದು ಕೊರೆಯುತ್ತಿತ್ತು. ಒಂಬತ್ತನೇ ದಿನ ಶೆಡ್ಡಿಗೆ ಹೋದರು. ಹೇಳಬೇಕೆಂದುಕೊಂಡದ್ದೆಲ್ಲ ಬಾಗಿಲಲ್ಲೇ ಮರೆತುಹೋಯಿತು.

"ಭಾವ, ಕೂದಲು ತುಂಬ ಬೆಳೆದಿದೆ. ಬನ್ನಿ."

ಭಾವ ಸೆಲೂನಿಗೆ ಬಂದು ಕುರ್ಚಿಯಲ್ಲಿ ಕೂತರು. ಕುತ್ತಿಗೆಗೆ ಬಟ್ಟೆ ಬಿಗಿದ ಮೇಲೆ ಅರ್ಧ ತಲೆ ಬಿಟ್ಟು ಎದ್ದು ಹೋಗುವ ಹಾಗಿಲ್ಲ. ಕೈಯಲ್ಲಿ ಕತ್ತರಿ ಇತ್ತು, ಎದುರಿಗೆ ತಲೆ ಇತ್ತು. ಎರಡ್ನಿಮಿಷರಿಗೆ ಮಾತು ತಾನಾಗಿ ಬಂತು.

"ಟ್ರೇಲರ್ ಬಾಯಿ ಅಳೆದೆ. ಐವತ್ತು ಮಿಲಿಮೀಟರ್ ಗುಂಡಿಗೇ ಮಾಡಿದ್ದು, ಪಿನ್ನು ಆಗಲ್ಲ. ಕುರ್ಚಿ, ಕನ್ನಡಿ, ನೀರಿನ ಕ್ಯಾನು, ಟ್ರೇಲರ್ ಎಲ್ಲ ಸೇರಿ ಮುನ್ನೂರು ಕಿಲೋ. ನಮ್ಮ ಜೀಪಿಗೇ ಅಂತ ಮಾಡಿರೋದು ಒಂದಿದೆ, ಐನೂರು ಎಳೆಯುತ್ತೆ ಅಂತ ತಗಡು ಹಾಕಿದಾರೆ. ಗುಂಡು ಬಿಚ್ಚಿಡಬಹುದು, ನಂಬರ್ ಮುಚ್ಚಲ್ಲ. ಅದನ್ನೇ ತರಿಸಿದೀನಿ."

"ಯಾರು ಆರಿಸಿದ್ದು?"

"ನಾನೇ."

ಭಾವ ಕನ್ನಡಿಯಲ್ಲಿ ಅವರನ್ನು ಹೊಸಬರನ್ನು ನೋಡುವಂತೆ ನೋಡಿದರು.

"ನಾಲ್ಕು ಬೋಲ್ಟು. ಚಾಸಿಗೆ ನೀವೇ ಬಿಗೀಬೇಕು."

"ಬೋಲ್ಟ್ ತಿರುಗಿಸೋಕೆ ನಾನ್ಯಾಕೆ? ಯಾರು ಬೇಕಾದ್ರೂ ತಿರುಗಿಸ್ತಾರೆ."

"ಬೇರೆಯವರು ಬಿಗಿದ್ರೆ ನಾನು ಗುಡ್ಡ ಹತ್ತಲ್ಲ ಭಾವ."

ಕುರ್ಚಿಯಲ್ಲಿದ್ದ ತಲೆ ಮುಂದಕ್ಕೆ ಬಾಗಿತು. "ಹಿಂದ್ಗಡೆ ಇನ್ನೊಂಚೂರು ಸಣ್ಣ ಮಾಡಿ," ಎಂದರು ಭಾವ.

ಪುಸ್ತಕದಲ್ಲಿ ಬರೆದಷ್ಟೇ ಬಿಗಿಯಬೇಕೆಂದು ತಂಗಿ ಪಕ್ಕದಲ್ಲಿ ನಿಂತು ಓದಿ ಹೇಳಿದರು. ಭಾವ ಗೊಣಗುತ್ತಲೇ ಹಾಗೆಯೇ ಬಿಗಿದರು. ಎಲೆಕ್ಟ್ರಿಷಿಯನ್ ಬಂದು ದೀಪದ ವೈರು ಎಳೆದ. ಇನ್ಸ್‌ಪೆಕ್ಟರ್ ತಗಡು ಓದಿ, ಕೊಂಡಿ ಅಲ್ಲಾಡಿಸಿ ನೋಡಿ ಮುದ್ರೆ ಒತ್ತಿದರು.

ಮುಂದಿನ ಭಾನುವಾರ ಬೆಳಗ್ಗೆ ಕುರ್ಚಿ ಗುಡ್ಡ ಹತ್ತಿತು. ಕೊರಕಲಿನಲ್ಲಿ ಜೀಪು ಕುಲುಕಿದಾಗಲೆಲ್ಲ ಪಕ್ಕದಲ್ಲಿ ಕೂತಿದ್ದ ಭಾವ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಕೊಂಡಿ ಮಿಸುಕಲಿಲ್ಲ. ತೊಂದರೆ ಶುರುವಾದದ್ದು ತಲುಪಿದ ಮೇಲೆ. ಗಣಿಯ ಅಂಗಳ ಇಕ್ಕಟ್ಟು. ಟ್ರೇಲರ್ ಕಟ್ಟಿಕೊಂಡು ರಿವರ್ಸ್ ತೆಗೆಯುವುದನ್ನು ಎರಡ್ನಿಮಿಷ ಕಲಿತೇ ಇರಲಿಲ್ಲ. ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ತಿರುಗಿಸಿದರೆ ಗೋಡೆಗೆ. ಸಾಲಾಗಿ ನಿಂತು ನೋಡುತ್ತಿದ್ದ ಗಣಿಯವರ ಕೂದಲು ಕಿವಿ ಮುಚ್ಚಿತ್ತು, ತಾಳ್ಮೆ ಮುಗಿದಿತ್ತು. ಮೇಸ್ತ್ರಿ ಕೈ ಬೀಸಿದರು. ಆರು ಜನ ಬಂದು ಕೊಂಡಿ ಕಳಚಿ, ಕುರ್ಚಿ ಸಮೇತ ಟ್ರೇಲರನ್ನು ಎತ್ತಿ ತಿರುಗಿಸಿಟ್ಟರು.

ಅಂದು ಹನ್ನೊಂದು ತಲೆ, ಏಳು ಗಡ್ಡ. ಮೇಸ್ತ್ರಿ ಕುರ್ಚಿ ಒರಗಿಸಿಕೊಂಡು ಕಣ್ಣು ಮುಚ್ಚಿದವರು ಗೊರಕೆ ಹೊಡೆದರು.

ಈಗ ತಿಂಗಳಿಗೆ ಎರಡು ಭಾನುವಾರ ಹೋಗುತ್ತಾರೆ. ರಿವರ್ಸ್ ಇನ್ನೂ ಕೈಗೆ ಹತ್ತಿಲ್ಲ. ಜೀಪಿನ ಸದ್ದು ಕೇಳಿದರೆ ಗಣಿಯವರೇ ಆರು ಜನ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತಾರೆ.